ಪೌಂಡ್ ಚಿಹ್ನೆಯ ಕನ್ನಡ ಶಾಲೆ

ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ನಮ್ಮೂರಿನ ಕನ್ನಡ ಮಾಧ್ಯಮ ಶಾಲೆಗೆ ಒಂದು ಜಾಲತಾಣ ಬೇಕೆಂದು ರಕ್ಷಕ (ಅಂದರೆ ಹೆತ್ತವರ) ಶಿಕ್ಷಕ ಸಂಘದ ಕಾರ್ಯಕಾರಿ ಸಮಿತಿಯು ಅವಿರೋಧವಾಗಿ ನಿರ್ಣಯಿಸಿದ ದಿನ, ಅದನ್ನು ಯಾರು ನೋಡುತ್ತಾರೆ, ಏನನ್ನು ತಿಳಿಯಲು ನೋಡುತ್ತಾರೆ ಎಂದು ಯಾರೂ ಕೇಳಲಿಲ್ಲ. ಸಮಿತಿಯ ಸದಸ್ಯನಾದ ನಾನೂ ಕೇಳಲಿಲ್ಲ, ಏಕೆಂದರೆ ಆ ಹೊತ್ತಿಗೆ ಸರಿಯಾಗಿ ಚಹಾ ಮತ್ತು ಗೋಳಿಬಜೆ ಬಂದವು.

ನಿರ್ಣಯಕ್ಕೆ ಕಾರಣವೇ ಇರಲಿಲ್ಲವೆಂದರೆ ಅನ್ಯಾಯವಾದೀತು. ಕೇರಳದಲ್ಲಿ ಜೂನ್ ತಿಂಗಳಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸಿ, ಆ ಲೆಕ್ಕದ ಮೇಲೆ ಅಧ್ಯಾಪಕರ ಹುದ್ದೆಗಳನ್ನು ನಿಗದಿಪಡಿಸುವ ಪದ್ಧತಿಯಿದೆ. ಆದ್ದರಿಂದ ಗಡಿನಾಡಿನ ಕನ್ನಡ ಶಾಲೆಗಳಿಗೆ ಜೂನ್ ಎಂದರೆ ಮಳೆಗಿಂತ ಮೊದಲು ನೆನಪಾಗುವುದು ಆ ಆರನೆಯ ದಿನ. ನಾಲ್ಕು ತಲೆ ಕಡಿಮೆಯಾದರೆ ಡಿವಿಷನ್, ಅಂದರೆ ತರಗತಿಯ ಒಂದು ವಿಭಾಗ, ಹೋಗುತ್ತದೆ, ಡಿವಿಷನ್ ಹೋದರೆ ಟೀಚರ್ ಹೋಗುತ್ತಾರೆ. ಹತ್ತಿರದ ಇಂಗ್ಲಿಷ್ ಮಾಧ್ಯಮ ಶಾಲೆಯವರಿಗೆ ಹಳದಿ ಬಸ್ಸೂ ಇದೆ, ಜಾಲತಾಣವೂ ಇದೆ. ಬಸ್ಸು ಕೊಳ್ಳಲು ನಮ್ಮಲ್ಲಿ ಹಣವಿರಲಿಲ್ಲವಾದ್ದರಿಂದ ಜಾಲತಾಣವೇ ಆಗಲಿ ಎಂದಾಯಿತು. ಕನ್ನಡದ ಮಕ್ಕಳನ್ನು ಕನ್ನಡ ಶಾಲೆಗೆ ಕರೆತರಬೇಕಾದ ಈ ಜಾಲತಾಣವು ಇಂಗ್ಲಿಷಿನಲ್ಲಿರಬೇಕು ಎಂಬ ಸಲಹೆಗೂ ವಿರೋಧ ಬರಲಿಲ್ಲ. ‘ಸಾಧ್ಯವಾದಲ್ಲಿ ಕನ್ನಡದಲ್ಲಿಯೂ’ ಎಂಬ ಎರಡು ಪದಗಳನ್ನು ಕಾರ್ಯದರ್ಶಿಯವರು ಮಿನಿಟ್ಸ್ ಪುಸ್ತಕದ ಅಂಚಿನಲ್ಲಿ ಸೇರಿಸಿದರು.

ಕಾಸರಗೋಡಿನಲ್ಲಿ ಯಾವ ಕೆಲಸವೂ ಕೆಲಸದಿಂದ ಆರಂಭವಾಗುವುದಿಲ್ಲ. ಮೊದಲು ಸಮಿತಿ ರೂಪೀಕರಣ ಸಭೆ ನಡೆಯಬೇಕು. ಹಾಗೆ ರೂಪುಗೊಂಡ ಜಾಲತಾಣ ಸಮಿತಿಗೆ ರಕ್ಷಾಧಿಕಾರಿಗಳು, ಗೌರವಾಧ್ಯಕ್ಷರು, ಅಧ್ಯಕ್ಷರು, ಮೂವರು ಉಪಾಧ್ಯಕ್ಷರು, ಜನರಲ್ ಕನ್ವೀನರ್ ಮತ್ತು ಜಂಟಿ ಕನ್ವೀನರುಗಳು ನೇಮಕವಾದರು. ಜೊತೆಗೆ ಪ್ರಚಾರ, ಸ್ವಾಗತ, ವೇದಿಕೆ ಮತ್ತು ಆಹಾರ ಉಪಸಮಿತಿಗಳು ಹುಟ್ಟಿಕೊಂಡವು. ಜಾಲತಾಣಕ್ಕೆ ಆಹಾರ ಉಪಸಮಿತಿ ಏತಕ್ಕೆ ಎಂದು ಕೇಳುವವರು ನಮ್ಮ ಊರಿನವರಲ್ಲ. ಜಾಲತಾಣದಲ್ಲಿ ಇರಬೇಕಾದ ವಿಷಯವನ್ನು ಬರೆಯುವುದಕ್ಕೆ ಮಾತ್ರ ಉಪಸಮಿತಿಯಿರಲಿಲ್ಲ.

ಯೋಜನೆಯ ಮೊದಲ ಸಭೆಯು ಎರಡೂಕಾಲು ಗಂಟೆ ನಡೆಯಿತು ಮತ್ತು ಅದರಲ್ಲಿ ಒಂದೂವರೆ ಗಂಟೆಯು ಮುಖಪುಟದ ಭಾವಚಿತ್ರಗಳ ಕ್ರಮಕ್ಕೇ ಮೀಸಲಾಯಿತು. ಮುಖ್ಯಮಂತ್ರಿ, ಶಿಕ್ಷಣ ಮಂತ್ರಿ, ಸಂಸದರು, ಶಾಸಕರು, ಜಿಲ್ಲಾ, ಬ್ಲಾಕ್ ಮತ್ತು ಗ್ರಾಮ ಪಂಚಾಯತ್ ಅಧ್ಯಕ್ಷರು, ವಾರ್ಡ್ ಸದಸ್ಯರು, ಶಾಲೆಯ ಆಡಳಿತ ನಡೆಸುವ ಈಗಿನ ಮ್ಯಾನೇಜರ್, ಅವರ ದಿವಂಗತ ತಂದೆಯವರಾದ ಹಿಂದಿನ ಮ್ಯಾನೇಜರ್, ಮುಖ್ಯೋಪಾಧ್ಯಾಯರು, ಇಷ್ಟೂ ಜನರು ಯಾರೊಬ್ಬರ ಮುಖವೂ ಇನ್ನೊಬ್ಬರದಕ್ಕಿಂತ ಸಣ್ಣದಾಗದಂತೆ ಇರಬೇಕೆಂದು ತೀರ್ಮಾನವಾಯಿತು. ಪರಿಣಾಮವಾಗಿ, ಮೊಬೈಲಿನಲ್ಲಿ ತೆರೆದರೆ ಶಾಲೆಯ ಹೆಸರು ಕಾಣುವ ಮೊದಲು ಹನ್ನೊಂದು ಗಣ್ಯರನ್ನು ಒಬ್ಬೊಬ್ಬರನ್ನಾಗಿ ಹೆಬ್ಬೆರಳಿನಿಂದ ಮೇಲಕ್ಕೆ ದೂಡಬೇಕಾಗುತ್ತದೆ. ಸಾಮಾನ್ಯ ರಕ್ಷಕನೊಬ್ಬನಿಗೆ ಇಂಥ ಅವಕಾಶ ಐದು ವರ್ಷಕ್ಕೊಮ್ಮೆ ಮಾತ್ರ ದೊರೆಯುತ್ತದೆ ಎಂಬುದನ್ನು ನೋಡಿದರೆ, ಜಾಲತಾಣದ ಒಂದು ಪ್ರಯೋಜನವನ್ನಾದರೂ ಒಪ್ಪಬೇಕು.

ಉಳಿದ ಮುಕ್ಕಾಲು ಗಂಟೆಯನ್ನು ಜಾಲತಾಣದ ವಿಳಾಸ ನುಂಗಿತು. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯಲ್ಲಿ ‘ಎಮ್’ ಬೇಕೇ ಬೇಡವೇ ಎಂಬುದು ಹೊರಗಿನವರಿಗೆ ಕ್ಷುಲ್ಲಕವಾಗಿ ಕಂಡೀತು. ಆದರೆ ಮಂಜೇಶ್ವರವು ಮಂಜೇಶ್ವರಂ ಆದದ್ದನ್ನು ದಿನವೂ ಓದುವವರಿಗೆ, 2021ರಲ್ಲಿ ಮಧೂರು, ಕಾರಡ್ಕ ಮೊದಲಾದ ಊರುಗಳ ಹೆಸರು ಬದಲಾಗುತ್ತದೆಂದು ಎದ್ದ ಗಲಾಟೆಯನ್ನೂ ಹಾಗೇನೂ ಇಲ್ಲವೆಂದು ಸರಕಾರ ಕೊಟ್ಟ ಸ್ಪಷ್ಟನೆಯನ್ನೂ ಕಂಡವರಿಗೆ, ಆ ಒಂದು ಅಕ್ಷರ ಗಡಿಕಲ್ಲಿನಷ್ಟೇ ಭಾರ. ಕೊನೆಗೆ ಊರಿನ ಹೆಸರನ್ನೇ ಬಿಟ್ಟು, ಶಾಲೆಯ ಪೂರ್ಣ ಹೆಸರಿನ ಮೊದಲಕ್ಷರಗಳನ್ನು ಪೋಣಿಸಿ, ಸ್ವರವಿಲ್ಲದ ಒಂಬತ್ತು ಇಂಗ್ಲಿಷ್ ವ್ಯಂಜನಗಳ ವಿಳಾಸವೊಂದನ್ನು ಕೊಳ್ಳಲಾಯಿತು. ಅದನ್ನು ಬಾಯಿಪಾಠ ಹೇಳಬಲ್ಲ ಮನುಷ್ಯರನ್ನು ನಾನಿನ್ನೂ ನೋಡಿಲ್ಲ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯುವಂತಿಲ್ಲ. ಕೇರಳದ ಶಾಲೆಗಳಿಗೆಲ್ಲ ಪುಕ್ಕಟೆಯಾಗಿ ಪುಟ ಒದಗಿಸುವ ಸ್ಕೂಲ್ ವಿಕಿ 2009ರಲ್ಲಿಯೇ ಆರಂಭವಾಗಿದೆ. ಶಾಲೆಯವರೇ ಅದರಲ್ಲಿ ಬರೆಯಬಹುದು, ತಿದ್ದಬಹುದು. 2018ರಿಂದ ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಎಂಬ ಮಕ್ಕಳ ಐಟಿ ಕ್ಲಬ್ಬುಗಳಿವೆ. ಹತ್ತನೆಯ ತರಗತಿಯ ಐಟಿ ಪಠ್ಯದಲ್ಲಿ ಜಾಲಪುಟವನ್ನು ರಚಿಸುವ ಪಾಠವೇ ಇತ್ತು. ಎಸ್ಸೆಸ್ಸೆಲ್ಸಿಗೆ ಐಟಿಯ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಹೀಗಿರುವಾಗ ನಮ್ಮ ಶಾಲೆಯ ಎಂಟು ಒಂಬತ್ತನೆಯ ತರಗತಿಯ ಮಕ್ಕಳು ಒಂದು ವಾರದಲ್ಲಿ ಮಾಡಿ ಮುಗಿಸುತ್ತಿದ್ದ ಕೆಲಸವನ್ನು ಮಕ್ಕಳ ಕೈಗೆ ಕೊಡುವುದು ಗೌರವದ ಪ್ರಶ್ನೆಯಾಗುತ್ತದೆಂದು ಭಾವಿಸಿ, ಪೇಟೆಯಲ್ಲಿ ಫ್ಲೆಕ್ಸ್ ಮುದ್ರಿಸುವ ಅಂಗಡಿಯ ತರುಣನೊಬ್ಬನಿಗೆ ಒಪ್ಪಿಸಲಾಯಿತು. ಮಕ್ಕಳನ್ನು ಸ್ವಾಗತ ಉಪಸಮಿತಿಯ ವಶಕ್ಕೆ ಕೊಟ್ಟು, ಹೂವಿನ ತಟ್ಟೆ ಹಿಡಿಯುವ ತರಬೇತಿ ನೀಡಲಾಯಿತು.

ಆ ತರುಣ ಒಳ್ಳೆಯವನು, ಮಾತಿಗೆ ತಪ್ಪುವವನಲ್ಲ. ಯಾವುದೋ ವಸತಿ ಶಾಲೆಗಾಗಿ ಹಿಂದೆ ಬಳಸಿದ್ದ ಸಿದ್ಧ ಅಚ್ಚನ್ನೇ ತಂದು, ಹೆಸರು ಬದಲಿಸಿ, ಮೂರೇ ದಿನಗಳಲ್ಲಿ ಕೆಲಸ ಮುಗಿಸಿದ. ಹೀಗಾಗಿ ನಮ್ಮ ಶಾಲೆಗೆ ರಾತ್ರಿ ಬೆಳಗಾಗುವುದರೊಳಗೆ ಕುದುರೆ ಸವಾರಿ ಮತ್ತು ಈಜುಕೊಳ ಒದಗಿಬಂದವು. ‘ನಮ್ಮ ಶಾಲೆಯ ಇತಿಹಾಸ’ ಎಂಬ ಶೀರ್ಷಿಕೆಯ ಕೆಳಗೆ ‘ಲೋರೆಮ್ ಇಪ್ಸಮ್’ ಎಂದು ಆರಂಭವಾಗುವ ನಾಲ್ಕು ಪ್ಯಾರಾಗಳಿದ್ದವು. ಖಾಲಿ ಜಾಗ ತುಂಬಲು ಮುದ್ರಣಕಾರರು ಬಳಸುವ ಆ ಅರ್ಥಹೀನ ಬರಹವು ರೋಮಿನ ಸಿಸಿರೋ ಕ್ರಿಸ್ತಪೂರ್ವ 45ರಲ್ಲಿ ಬರೆದ ಲ್ಯಾಟಿನ್ ಗ್ರಂಥವೊಂದನ್ನು ಹರಿದು ಕಲಸಿದ್ದು. ಪರಿಶೀಲನಾ ಸಭೆಯಲ್ಲಿ ಹಿರಿಯರೊಬ್ಬರು ಅದನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದ ಮಲಯಾಳವೆಂದು ತಿಳಿದು ಉಗ್ರವಾಗಿ ಪ್ರತಿಭಟಿಸಿದರು; ಮಲಯಾಳ ಬಲ್ಲವರು ಅದು ಕೊಂಕಣಿಯಾಗಿರಬಹುದೆಂದರು; ಕೊಂಕಣಿ ಮಾತಾಡುವವರು ಸುಮ್ಮನೆ ತಲೆಯಾಡಿಸಿದರು. ಸಪ್ತಭಾಷಾ ಸಂಗಮ ಭೂಮಿ ಎಂದು ಭಾಷಣಗಳಲ್ಲಿ ಕರೆಯಿಸಿಕೊಳ್ಳುವ ಈ ನೆಲಕ್ಕೆ ಎಂಟನೆಯ ಭಾಷೆಯಾಗಿ ಲ್ಯಾಟಿನ್ ಹೀಗೆ ಪ್ರವೇಶಿಸಿತು.

ಭೂಪಟದ ಸಂಗತಿಯಂತೂ ಐತಿಹಾಸಿಕವಾದದ್ದು. ಹಳೆಯ ಅಚ್ಚಿನಲ್ಲಿದ್ದ ನಕಾಶೆಯನ್ನು ಬದಲಿಸಲು ತರುಣನು ಮರೆತದ್ದರಿಂದ, ‘ನಮ್ಮನ್ನು ತಲುಪುವ ದಾರಿ’ ಎಂಬಲ್ಲಿ ಬೆರಳಿಟ್ಟರೆ ಕೆಂಪು ಸೂಜಿಯು ಬೆಂಗಳೂರಿನ ಹೊರವಲಯದಲ್ಲೆಲ್ಲೋ ನೆಟ್ಟು ನಿಲ್ಲುತ್ತಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿಹೋದ ಈ ನೆಲದಲ್ಲಿ ಚಂದ್ರಗಿರಿಯ ಉತ್ತರದ ಭಾಗವು ಕರ್ನಾಟಕಕ್ಕೆ ಸಲ್ಲಬೇಕೆಂದು ಮಹಾಜನ ಆಯೋಗವು 1967ರಲ್ಲಿ ವರದಿ ಕೊಟ್ಟಿತು, ವರದಿಯು ಕಪಾಟು ಸೇರಿತು; ಆಯೋಗದಿಂದಾಗದ ವಿಲೀನೀಕರಣವನ್ನು ಫ್ಲೆಕ್ಸ್ ಅಂಗಡಿಯ ತರುಣನು ಮರೆವಿನಿಂದಲೇ ಸಾಧಿಸಿದನು. ಗೊತ್ತಾದ ಮೇಲೂ ಕೆಲವರು ಅದನ್ನು ಹಾಗೆಯೇ ಇರಗೊಡಬೇಕೆಂದರು.

ಇನ್ನು ಕನ್ನಡದ ಪುಟ. ಲ್ಯಾಟಿನ್ ಇತಿಹಾಸವನ್ನು ತೆಗೆದು ನಿಜವಾದ ಇತಿಹಾಸವನ್ನು ಹಾಕಬೇಕೆಂದಾಗ, ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಾಗಿ ನಿವೃತ್ತ ಮಾಷ್ಟ್ರೊಬ್ಬರು ಬರೆದ ಲೇಖನವನ್ನು ಯಾರೋ ಹಳೆಯ ಸಿ.ಡಿ.ಯಿಂದ ಹೊರತೆಗೆದರು. ಅದು ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಡಿಟಿಪಿ ಮಾಡಿದ್ದು. ಅಂದರೆ ಗಣಕದ ಒಳಗೆ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳಿಗೂ ಯುರೋಪಿನ ಚಿಹ್ನೆಗಳಿಗೂ ಕನ್ನಡದ ವೇಷ ತೊಡಿಸಿದ್ದು. ವೇಷದ ಪೆಟ್ಟಿಗೆ, ಅಂದರೆ ಆ ಫಾಂಟು, ಇಲ್ಲದ ಕಡೆ ತೆರೆದರೆ ಬಣ್ಣ ತೊಳೆದ ಮುಖವಷ್ಟೇ ಉಳಿಯುತ್ತದೆ. ನಮ್ಮಲ್ಲಿಯೂ ಹಾಗೆಯೇ ಆಯಿತು. ‘ಕನ್ನಡ’ ಎಂಬ ಪದವಿರಬೇಕಾದ ಕಡೆ ಒಂದು ‘ಪಿ’, ತಲೆಯ ಮೇಲೆ ಗೀಟು ಎಳೆದ ‘ಎ’ಗಳು, ನಟ್ಟನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ. ಕನ್ನಡದ ‘ನ’ ಬಂದಲ್ಲೆಲ್ಲ ಪೌಂಡ್ ಬಂದದ್ದರಿಂದ, ಸ್ವಾತಂತ್ರ್ಯ ಹೋರಾಟದಲ್ಲಿ ಪಾಲ್ಗೊಂಡ ಸ್ಥಾಪಕ ಮ್ಯಾನೇಜರರ ಜೀವನಚರಿತ್ರೆಯುದ್ದಕ್ಕೂ ಬ್ರಿಟಿಷರ ನಾಣ್ಯ ಉದುರಿಬಿದ್ದಿತ್ತು. ಲೆಕ್ಕಪರಿಶೋಧಕರು ನೋಡಿದ್ದರೆ ವಿದೇಶಿ ದೇಣಿಗೆಯ ಪ್ರಕರಣವೇ ದಾಖಲಾಗುತ್ತಿತ್ತೇನೋ.

ಇಂಥ ಬರಹವನ್ನು, ಎಲ್ಲ ಗಣಕಗಳೂ ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ, ಐದು ನಿಮಿಷವೂ ಬೇಡ. ಶಾಲೆಯ ಲ್ಯಾಬಿನ ಉಬುಂಟು ಗಣಕಗಳಲ್ಲಿ ನಮ್ಮ ಮಕ್ಕಳು ದಿನಾಲೂ ಟೈಪು ಮಾಡುವುದು ಯೂನಿಕೋಡ್ ಕನ್ನಡವನ್ನೇ. ಆದರೆ ಮಕ್ಕಳು, ಆಗಲೇ ಹೇಳಿದಂತೆ, ತಟ್ಟೆ ಹಿಡಿಯುವ ಅಭ್ಯಾಸದಲ್ಲಿದ್ದರು. ಆದ್ದರಿಂದ ಸ್ಮರಣ ಸಂಚಿಕೆಯ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಏರಿಸಲಾಯಿತು. ಒಂದು ಪುಟ ಅಡ್ಡಲಾಗಿ ಮಲಗಿದೆ. ಇನ್ನೊಂದರ ಮೂಲೆಯಲ್ಲಿ ಪುಸ್ತಕವನ್ನು ಒತ್ತಿ ಹಿಡಿದ ಹೆಬ್ಬೆರಳಿದೆ. ಚಿತ್ರದೊಳಗಿನ ಅಕ್ಷರಗಳನ್ನು ಹುಡುಕಾಟದಲ್ಲಿ ಕಂಡುಹಿಡಿಯುವುದು ಕಷ್ಟ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಬರಿಯ ಚಿತ್ರ. ಉಳಿದ ಪುಟಗಳನ್ನು ಯಂತ್ರಾನುವಾದಕ್ಕೆ ಒಪ್ಪಿಸಿದ್ದರಿಂದ ಮುಖಪುಟವು ‘ಮನೆ’ಯಾಯಿತು, ಮಕ್ಕಳ ಸಂಖ್ಯೆಯನ್ನು ಇಂಗ್ಲಿಷಿನಲ್ಲಿ ‘ಸ್ಟ್ರೆಂತ್’ ಎಂದು ಬರೆದದ್ದು ಕನ್ನಡಕ್ಕೆ ಬಂದಾಗ ‘ಶಾಲೆಯ ಶಕ್ತಿ: 187’ ಎಂದಾಯಿತು. ಆರನೆಯ ಕೆಲಸದ ದಿನವನ್ನು ನೆನೆದರೆ ಇದೊಂದು ಅನುವಾದ ಮಾತ್ರ ಸರಿಯಾಗಿಯೇ ಇದೆ.

ಮಕ್ಕಳ ಹೆಸರು, ಜನ್ಮದಿನಾಂಕ, ತಂದೆಯ ಫೋನ್ ನಂಬರುಗಳಿರುವ ಇಡೀ ಪಟ್ಟಿಯನ್ನು ಪಾರದರ್ಶಕತೆಯ ಹೆಸರಿನಲ್ಲಿ ಏರಿಸಿದ್ದನ್ನೂ ಹೇಳಲೇಬೇಕು. ಹದಿನೆಂಟು ತುಂಬದವರ ಮಾಹಿತಿಯನ್ನು ಬಳಸುವುದಕ್ಕೆ ಹೆತ್ತವರ ಒಪ್ಪಿಗೆ ಬೇಕೆನ್ನುವ ಕಾಯಿದೆ 2023ರಲ್ಲಿ ಬಂದಿದೆಯೆಂದು ನಾನು ತಿಳಿಸಿದಾಗ, ಹೆತ್ತವರೆಲ್ಲ ನಮ್ಮವರೇ ಅಲ್ಲವೇ ಎಂಬ ಉತ್ತರ ಬಂತು. ಶಾಲೆಯ ಫೋನ್ ನಂಬರು ಮಾತ್ರ ಎಲ್ಲಿಯೂ ಇರಲಿಲ್ಲ.

ಲೋಕಾರ್ಪಣೆಯ ಸಮಾರಂಭಕ್ಕೆ ಬರೋಣ. ಮೊದಲು ಲಾಂಛನದ ಪ್ರಕಾಶನ ನಡೆಯಿತು, ಅದಕ್ಕೊಂದು ಪ್ರತ್ಯೇಕ ಸಭೆ. ಎರಡು ವಾರಗಳ ನಂತರ ಜಾಲತಾಣದ ಸ್ವಿಚ್ ಆನ್ ಕರ್ಮ. ಗಡಿಯ ಆಚೆಗಿನ ಕನ್ನಡಿಗರಿಗೆ ‘ಕರ್ಮ’ ಎಂದರೆ ಬೇರೆ ಅರ್ಥ ತೋರುವುದಾದರೆ ಅದನ್ನು ನಾನು ತಿದ್ದಲು ಹೋಗುವುದಿಲ್ಲ. ದೀಪ ಬೆಳಗಿದರು, ಪ್ರಾರ್ಥನೆಯಾಯಿತು, ಸ್ವಾಗತ ಭಾಷಣದಲ್ಲಿ ವೇದಿಕೆಯಲ್ಲಿದ್ದ ಹತ್ತೊಂಬತ್ತು ಮಂದಿಯ ಹೆಸರನ್ನು ಓದಲಾಯಿತು, ಮತ್ತು ಮುಖ್ಯ ಅತಿಥಿಗಳು ಕೆಂಪು ರಿಬ್ಬನ್ ಕಟ್ಟಿದ ಮೌಸನ್ನು ಒತ್ತಿದಾಗ ಹಿಂದಿನ ಪರದೆಯಲ್ಲಿ ಹನ್ನೊಂದು ಮುಖಗಳು ಬೆಳಗಿದವು. ಚಪ್ಪಾಳೆಯೋ ಚಪ್ಪಾಳೆ. ತಟ್ಟೆ ಹಿಡಿದು ನಿಂತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪರದೆಯ ಮೇಲ್ತುದಿಯನ್ನೇ ದಿಟ್ಟಿಸಿ, ಪಕ್ಕದಲ್ಲಿದ್ದ ನನಗೆ ಪಿಸುಗುಟ್ಟಿದಳು: “ಸರ್, ವಿಳಾಸದಲ್ಲಿ ‘ಫೈಲ್’ ಅಂತ ಉಂಟು. ಇದು ಇಂಟರ್ನೆಟ್ಟಿನಲ್ಲಿಲ್ಲ, ಪೆನ್‌ಡ್ರೈವಿನಲ್ಲಿರುವುದು.” ಸಂಪರ್ಕ ಕೈಕೊಟ್ಟೀತೆಂದು ಹೆದರಿದ ತರುಣನು ಪುಟಗಳನ್ನು ಪೆನ್‌ಡ್ರೈವಿಗೆ ಹಾಕಿ ತಂದಿದ್ದನು, ಸರ್ವರಿಗೆ ಏರಿಸುವುದನ್ನು ಮರುದಿನಕ್ಕೆ ಬಿಟ್ಟಿದ್ದನು. ಮುಖ್ಯೋಪಾಧ್ಯಾಯರು ಹುಡುಗಿಯತ್ತ ಕಣ್ಣು ಅರಳಿಸಿದರು, ಆಕೆ ಹೂವು ಎರಚಿದಳು. ಶಾಲೆಯು ವಿಶ್ವಕ್ಕೆ ತೆರೆದುಕೊಂಡಿತೆಂದು ಮರುದಿನ ಪತ್ರಿಕೆಯಲ್ಲಿ ಬಂತು. ವಿಶ್ವಕ್ಕೆ ಅದು ನಿಜವಾಗಿ ಕಂಡದ್ದು ಆರು ದಿನಗಳ ನಂತರ. ಆಗ ಏರಿಸಿದ ಮೊದಲ ಸುದ್ದಿ ಸ್ವಿಚ್ ಆನ್ ಕರ್ಮದ 43 ಫೋಟೋಗಳು. ಎರಡನೆಯ ಸುದ್ದಿ ಇನ್ನೂ ಬಂದಿಲ್ಲ.

ಬರುವಂತೆಯೂ ಇಲ್ಲ. ವಿಳಾಸವನ್ನು ಕೊಂಡದ್ದು ತರುಣನ ಹೆಸರಿನಲ್ಲಿ, ಪಾಸ್‌ವರ್ಡ್ ಅವನ ಫೋನಿನಲ್ಲಿ, ಫೋನು ಅವನ ಕಿಸೆಯಲ್ಲಿ, ಅವನು ದುಬೈಯಲ್ಲಿ. ವರ್ಷ ತುಂಬಿದಾಗ ನವೀಕರಣ ಶುಲ್ಕ ಕಟ್ಟುವಂತೆ ಬಂದ ಸೂಚನೆಗಳೂ ಅಲ್ಲಿಗೇ ಹೋದವು. ವಿಳಾಸವು ಬೇರೆ ಯಾರದೋ ಪಾಲಾಗಿ, ಈಗ ಅದನ್ನು ತೆರೆದರೆ ಆನ್‌ಲೈನ್ ರಮ್ಮಿಯಾಡಲು ಆಹ್ವಾನ ಬರುತ್ತದೆ. ಶಾಲೆಯ ಲೆಟರ್‌ಹೆಡ್ಡಿನಲ್ಲಿ, ಗೇಟಿನ ಕಮಾನಿನಲ್ಲಿ, ಪ್ರವೇಶೋತ್ಸವದ ಬ್ಯಾನರಿನಲ್ಲಿ ಆ ಒಂಬತ್ತು ವ್ಯಂಜನಗಳು ಇನ್ನೂ ಇವೆ. ಗೋಡೆಯ ಮೇಲೆ ಬರೆದ ಪೈಂಟರನು ನಡುವಿನ ಚುಕ್ಕೆಯೊಂದನ್ನು ಬಿಟ್ಟಿದ್ದರಿಂದ ಗೋಡೆ ನೋಡಿ ಟೈಪು ಮಾಡುವ ಮಕ್ಕಳು ಮಾತ್ರ ಜೂಜಿನಿಂದ ಪಾರಾಗಿದ್ದಾರೆ. ನವೀಕೃತ ಜಾಲತಾಣಕ್ಕಾಗಿ ಹೊಸ ಸಮಿತಿಯ ರೂಪೀಕರಣ ಸಭೆ ಮುಂದಿನ ಭಾನುವಾರವಿದೆ.

ಈ ನಡುವೆ ಮಳೆಗಾಲ ಬಂತು. ಜುಲೈಯ ಬೆಳಗ್ಗೆ ರೆಡ್ ಅಲರ್ಟ್ ಇರುವಾಗ ರಕ್ಷಕರಿಗೆ ಬೇಕಾದ ಮಾಹಿತಿ ಒಂದೇ, ಇವತ್ತು ಶಾಲೆ ಉಂಟೋ ಇಲ್ಲವೋ. ಜಿಲ್ಲಾಧಿಕಾರಿಗಳ ರಜೆಯ ಘೋಷಣೆ ಫೇಸ್‌ಬುಕ್ಕಿನಲ್ಲಿ ಮಲಯಾಳದಲ್ಲಿ ಬರುತ್ತದೆ. ವಾಟ್ಸಾಪಿನಲ್ಲಿ ಹೋದ ವರ್ಷದ ಘೋಷಣೆಯೂ ಅದರ ಜೊತೆಗೇ ತೇಲಿಬರುತ್ತದೆ. ಆದ್ದರಿಂದ ಊರಿನ ತಾಯಂದಿರು ಶಾಲೆಯಲ್ಲಿ ಮಧ್ಯಾಹ್ನದ ಅಡುಗೆ ಮಾಡುವ ಅಕ್ಕನಿಗೆ ಫೋನು ಮಾಡುತ್ತಾರೆ. ಎಷ್ಟು ಅಕ್ಕಿ ತೊಳೆಯಬೇಕೆಂದು ಎಲ್ಲರಿಗಿಂತ ಮೊದಲು ತಿಳಿದಿರಬೇಕಾದವರು ಅವರೇ. ಹೊಸ ಜಾಲತಾಣದಲ್ಲಿ ಅವರ ನಂಬರನ್ನು, ಅವರು ಒಪ್ಪಿದರೆ, ಹಾಕಬಾರದೇಕೆ ಎಂದು ನಾನು ಸಲಹೆ ಕೊಟ್ಟೆ; ಅವರು ಸಿಬ್ಬಂದಿ ಪಟ್ಟಿಯಲ್ಲಿ ಬರುವುದಿಲ್ಲವೆಂದು ಸಮಿತಿ ತಿಳಿಸಿತು. ಮೊನ್ನೆ ಏಳು ಗಂಟೆಗೆ, ಸೋಗೆ ಹಾರಿಹೋಗುವಂಥ ಗಾಳಿಯಲ್ಲಿ, ನನ್ನ ಮನೆಯಾಕೆಯೂ ಅದೇ ನಂಬರನ್ನು ಒತ್ತಿದಳು.

“ಅಕ್ಕಾ, ಇವತ್ತು ಅಕ್ಕಿ ಹಾಕ್ತೀರಾ?”

“ಇಲ್ಲ ಮಾರಾಯ್ತಿ, ಮಕ್ಕಳು ಮಲಗಲಿ.”