ಲೇಖನದಲ್ಲಿ ಬಿಟ್ಟುಹೋದ ಬಾಲೇವಾಡಿಯ ಬೋಪಣ್ಣ

ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರ ಸಾಧನೆಗಳ ಬಗ್ಗೆ ನೀವು ಬರೆದ ಲೇಖನ ಇಷ್ಟ ಆಯಿತು. 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್, 2024ರಲ್ಲಿ ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಓಪನ್‌ನಲ್ಲಿ ಜೊತೆ ಆಟಗಾರ ಮ್ಯಾಥ್ಯೂ ಎಬ್ಡೆನ್ ಜತೆ ಗೆದ್ದ ಡಬಲ್ಸ್ ಕಪ್, 43ರ ವಯಸ್ಸಿನಲ್ಲಿ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಪಟ್ಟ, ಎಲ್ಲಾ ಇದೆ. ಆದರೆ ಪುಣೆಯ ಹೆಸರೇ ಇಲ್ಲ! ಇಲ್ಲಿ ನೆಲೆಸಿರುವ ಕನ್ನಡಿಗನಾಗಿ ಸುಮ್ನೆ ಇರಲು ಆಗಲಿಲ್ಲ.

ಪುಣೆಯ ನಮ್ಮ ಬಾಲೇವಾಡಿ ಟೆನಿಸ್ ಕೋರ್ಟ್‌ನಲ್ಲಿ ಅವರು ಎರಡು ಸಲ ಡಬಲ್ಸ್ ಪ್ರಶಸ್ತಿ ಗೆದ್ದಿದ್ದಾರೆ. 2019ರಲ್ಲಿ ದಿವಿಜ್ ಶರಣ್ ಜತೆ, 2022ರಲ್ಲಿ ರಾಮ್‌ಕುಮಾರ್ ರಾಮನಾಥನ್ ಜತೆ. 2022ರ ಫೈನಲ್‌ನಲ್ಲಿ ಮೊದಲ ಸೆಟ್ ಟೈಬ್ರೇಕ್‌ನಲ್ಲಿ (ಸೆಟ್ ಸಮವಾದಾಗ ಆಡುವ ನಿರ್ಣಾಯಕ ಆಟ) ಕೈತಪ್ಪಿತ್ತು. ಆಮೇಲೆ ತಿರುಗಿಬಿದ್ದು ಗೆದ್ದರು.

ಇನ್ನೊಂದು ವಿಷಯ ನನಗೆ ಇನ್ನೂ ದೊಡ್ಡದು. ಮೊಣಕಾಲಿನ ಕಾರ್ಟಿಲೇಜ್ (ಮೂಳೆಗಳ ನಡುವಿನ ಮೆತ್ತನೆಯ ಪದರ) ಸವೆದು ನೋವು ತಿನ್ನುತ್ತಿದ್ದಾಗ ಬೋಪಣ್ಣ ಅವರ ಕೈ ಹಿಡಿದದ್ದು ಅಯ್ಯಂಗಾರ್ ಯೋಗ. ಗೋಡೆಗೆ ಕಟ್ಟಿದ ಹಗ್ಗ, ಬೆಲ್ಟ್, ಮರದ ತುಂಡು, ಕುರ್ಚಿ ಇಟ್ಟುಕೊಂಡು, ಒಂದೊಂದು ಆಸನದಲ್ಲಿ ಜಾಸ್ತಿ ಹೊತ್ತು ನಿಲ್ಲಿಸುವ ಪದ್ಧತಿ ಅದು. ಕಾಲಿಗೆ ಬಲ ಬರುತ್ತದೆ, ಕೀಲಿನ ಮೇಲಿನ ಭಾರ ಕಡಿಮೆಯಾಗುತ್ತದೆ. ಅದನ್ನು ಕಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರದ ಬೆಳ್ಳೂರಿನವರು. 1937ರಲ್ಲಿ ಪುಣೆಗೆ ಬಂದು ಇಲ್ಲೇ ಉಳಿದರು. ಕೊಡಗಿನ ಕಾಫಿ ಬೆಳೆಗಾರರ ಮಗನ ಮೊಣಕಾಲಿಗೆ ಕೋಲಾರದವರ ವಿದ್ಯೆ ಆಸರೆಯಾಯಿತು, ಹೆಮ್ಮೆ ಆಗಲ್ವಾ?

ಸೋತ ಪಂದ್ಯವನ್ನೂ ಬರೆಯಬೇಕಿತ್ತು. 2023ರ ಯುಎಸ್ ಓಪನ್ ಫೈನಲ್‌ನಲ್ಲಿ ಚೆಂಡು ತಮ್ಮ ಕೈಗೆ ತಾಗಿತು ಎಂದು ತಾವೇ ಹೇಳಿ ಪಾಯಿಂಟ್ ಬಿಟ್ಟುಕೊಟ್ಟರು. ಅಂಪೈರ್ ಗಮನಿಸಿರಲೇ ಇಲ್ಲ. ನನ್ನ ಮಟ್ಟಿಗೆ ಆ ಪಾಯಿಂಟ್ ಮೆಲ್ಬರ್ನ್ ಕಪ್‌ಗೆ ಸಮ. ದಯವಿಟ್ಟು ಇದನ್ನು ಲೇಖನಕ್ಕೆ ಸೇರಿಸಿ.