ಅನಿತ್ಯವೂ ನಿತ್ಯಜೀವವೂ

ಕಳೆದ ತಿಂಗಳು ಬೆಟಗೇರಿಯಲ್ಲಿ ಗೆಳೆಯನೊಬ್ಬನ ತಾಯಿಯ ಮಣ್ಣಿಗೆ ಹೋಗಿದ್ದೆ. ಸಭಾಪಾಲಕರು ಕೊರಿಂಥದವರಿಗೆ ಪೌಲನು ಬರೆದ ಮೊದಲ ಪತ್ರಿಕೆಯ 15ನೆಯ ಅಧ್ಯಾಯವನ್ನು ಓದಿದರು. ಮರಳುವಾಗ ಜೊತೆಗಿದ್ದ ಹಿರಿಯರೊಬ್ಬರು, "ಬುದ್ಧ ಯಾವುದೂ ಉಳಿಯೂದಿಲ್ಲ ಅಂದ, ಇವರು ಎಲ್ಲಾ ಉಳಿತೈತಿ ಅಂತಾರ ನೋಡ್ರಿ" ಎಂದರು. ಕೇಳಲು ಸೊಗಸಾದ ಈ ಮಾತು ಎರಡೂ ಧರ್ಮಗಳ ಮಟ್ಟಿಗೆ ತಪ್ಪು ಎಂಬುದು ನನ್ನ ಅಭಿಪ್ರಾಯ.

ಪೌಲನು ಅಲ್ಲಿ ಕೊಡುವ ಹೋಲಿಕೆ ಬೀಜದ್ದು. ಬಿತ್ತಿದ್ದು ಸಾಯದೆ ಜೀವ ತಳೆಯದು, ಬಿತ್ತುವುದು ಬರಿಯ ಕಾಳನ್ನೇ ಹೊರತು ಮುಂದೆ ಬರುವ ಪೈರನ್ನಲ್ಲ. ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ದೇಹ ಹೀಗೆಯೇ ಉಳಿಯುತ್ತದೆಂದು ಕ್ರೈಸ್ತಧರ್ಮ ಹೇಳುವುದಿಲ್ಲ. ಅಲ್ಲಿ ಸಾವು ನಿಜವಾದ ಸಾವೇ. ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯದಲ್ಲಂತೂ ನಿತ್ಯಜೀವವೆಂದರೆ ದೇವರನ್ನೂ ಆತನು ಕಳುಹಿಸಿದ ಕ್ರಿಸ್ತನನ್ನೂ ಅರಿಯುವುದು ಎಂದಿದೆ. ವರ್ಷಗಳ ಲೆಕ್ಕ ಅಲ್ಲಿಲ್ಲ.

ಬುದ್ಧನ ಮಾತಿಗೂ ಒಂದು ಎಲ್ಲೆಯಿದೆ. ಆತನು ಅನಿತ್ಯವೆಂದದ್ದು ‘ಸಂಖಾರ’ಗಳನ್ನು, ಅಂದರೆ ಕಾರಣಗಳು ಕೂಡಿ ಆದವುಗಳನ್ನು. ಹುಟ್ಟದ, ಆಗದ, ಯಾರೂ ಮಾಡದ ಒಂದು ಇರದಿದ್ದರೆ ಹುಟ್ಟಿದ್ದಕ್ಕೆ ಬಿಡುಗಡೆಯೇ ಇರುತ್ತಿರಲಿಲ್ಲ ಎಂಬ ಮಾತು ಪಾಲಿ ಭಾಷೆಯ ಬೌದ್ಧಗ್ರಂಥ ‘ಉದಾನ’ದಲ್ಲಿದೆ. ಆ ಬಿಡುಗಡೆಯಾದ ನಿಬ್ಬಾಣವನ್ನು, ಅಂದರೆ ನಿರ್ವಾಣವನ್ನು, ಅನಿತ್ಯದ ಸಾಲಿಗೆ ಸೇರಿಸಲಾಗದು.

ಗದಗ ಜಿಲ್ಲೆಯ ನಮ್ಮ ಡಂಬಳದಲ್ಲಿ, ಆಗಿನ ಧರ್ಮವೊಳಲಿನಲ್ಲಿ, 16 ಸೆಟ್ಟರು ಕಟ್ಟಿಸಿದ ಬುದ್ಧವಿಹಾರಕ್ಕೂ ಬೌದ್ಧರ ದೇವತೆ ಆರ್ಯತಾರಾದೇವಿಯ ವಿಹಾರಕ್ಕೂ ಕೊಟ್ಟ ದತ್ತಿಯನ್ನು 1095ರ ಶಾಸನ ದಾಖಲಿಸಿದೆ. ದತ್ತಿಗಳು ಸೂರ್ಯಚಂದ್ರರಿರುವ ತನಕ ನಡೆಯಲೆಂದು ಹಾರೈಸುವುದು ಆ ಕಾಲದ ಶಾಸನಗಳ ರೂಢಿ. ಅನಿತ್ಯವನ್ನು ಬೋಧಿಸುವವರ ಅನ್ನಕ್ಕೂ ವ್ಯವಸ್ಥೆ ಬೇಕಲ್ಲ!

ಹಾಗಾದರೆ ಭೇದವೇ ಇಲ್ಲವೆ? ಇದೆ, ಆದರೆ ಬೇರೆಡೆ ಇದೆ. ಯೇಸು ತೀರಿಕೊಂಡ ಗೆಳೆಯ ಲಾಜರನ ಸಮಾಧಿಯ ಬಳಿ ಮೊದಲು ಅಳುತ್ತಾನೆ, ಅನಂತರ ಹೆಸರು ಹಿಡಿದು ಕೂಗಿ ಕರೆಯುತ್ತಾನೆ; ಸತ್ತವನು ಎದ್ದು ಬರುತ್ತಾನೆ. ಸತ್ತ ಮಗುವನ್ನು ಹೊತ್ತು ಬಂದ ಕಿಸಾಗೋತಮಿಗೆ ಬುದ್ಧನು ಸಾವು ಕಾಣದ ಮನೆಯಿಂದ ಸಾಸಿವೆ ತರಲು ಹೇಳುತ್ತಾನೆ. ಮಗು ಮರಳುವುದಿಲ್ಲ, ತಾಯಿಯ ಕಣ್ಣು ತೆರೆಯುತ್ತದೆ. ಒಂದು ಕಡೆ ಹೋದವರು ಯಾರೆಂಬುದು ಕೊನೆಯವರೆಗೂ ಮುಖ್ಯ, ಇನ್ನೊಂದು ಕಡೆ ‘ನಾನು’, ‘ನನ್ನವರು’ ಎಂಬುದೇ ಬಿಚ್ಚಬೇಕಾದ ಗಂಟು. ಈ ಎರಡು ಧರ್ಮಗಳನ್ನು ದೂರ ನಿಲ್ಲಿಸುವುದು ಅನಿತ್ಯವಲ್ಲ, ಅನಾತ್ಮ, ಅಂದರೆ ಸ್ಥಿರವಾದ ‘ನಾನು’ ಎಂಬುದಿಲ್ಲ ಎಂಬ ಬುದ್ಧನ ಬೋಧೆ. ಎಲ್ಲ ಧರ್ಮಗಳೂ ಹೇಳುವುದು ಒಂದೇ ಎಂದು ತೇಲಿಸಿಬಿಡುವ ವೇದಿಕೆಯ ಭಾಷಣಗಳು ಅದಕ್ಕೇ ನನಗೆ ಸೇರುವುದಿಲ್ಲ.

ಗೆಳೆಯ ಈಗ ತಾಯಿಯ ಗೋರಿಗೆ ಕಲ್ಲು ಮಾಡಿಸುತ್ತಿದ್ದಾನೆ. ಯಾವ ವಾಕ್ಯ ಬರೆಸಬೇಕೆಂಬುದು ಇನ್ನೂ ನಿಶ್ಚಯವಾಗಿಲ್ಲ. ಹೆಸರನ್ನು ಮಾತ್ರ ಆಗಲೇ ಕೆತ್ತಲು ಹೇಳಿದ್ದಾನೆ.