ಚೆನ್ನಾಗಿ ಓಡುತ್ತಿದೆ ಎಂದರೆ ಎದೆ ಧಸಕ್ಕೆನ್ನುತ್ತದೆ

‘ಗಾಡಿ ಇವತ್ತು ಸೂಪರ್ರಾಗಿ ಓಡ್ತಿದೆ’ ಎಂದರೆ ಲೋಕದಲ್ಲಿ ಎಲ್ಲರಿಗೂ ಖುಷಿಯಾಗುತ್ತದೆ. ರೇಸಿನ ಪುಟ್ಟ ನಾಲ್ಕು ಗಾಲಿ ಗಾಡಿಗೆ, ಅಂದರೆ ಕಾರ್ಟಿಗೆ, ಟೂ-ಸ್ಟ್ರೋಕ್ ಎಂಜಿನ್ ಸಾಕಿಕೊಂಡವರು ಮಾತ್ರ ಆ ಮಾತು ಕಿವಿಗೆ ಬಿದ್ದ ಕೂಡಲೇ ಸ್ಕ್ರೂಡ್ರೈವರ್ ಹುಡುಕುತ್ತಾರೆ. ಈ ಎಂಜಿನ್ನಿಗೆ ಪೆಟ್ರೋಲ್ ಕಡಿಮೆ ಮಾಡುತ್ತಾ ಹೋದ ಹಾಗೆ, ಅಂದರೆ ಲೀನ್ ಮಾಡುತ್ತಾ ಹೋದ ಹಾಗೆ, ಅದು ಚುರುಕಾಗುತ್ತದೆ. ಗೊರಗೊರ ನಿಲ್ಲುತ್ತದೆ, ದನಿ ತಿಳಿಯಾಗುತ್ತದೆ, ಲ್ಯಾಪ್ ಟೈಮ್ ಇಳಿಯುತ್ತದೆ. ಇನ್ನೊಂಚೂರು ಕಡಿಮೆ ಮಾಡಿದರೆ ಇನ್ನೂ ಚುರುಕು. ಅದರಾಚೆಗೆ ಮತ್ತೊಂಚೂರು ಹೋದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ನಿಂತುಬಿಡುತ್ತದೆ. ಆರುವ ದೀಪ ಜೋರಾಗಿ ಉರಿಯುತ್ತದೆ ಅನ್ನುತ್ತಾರಲ್ಲ, ಹಾಗೆ. ದೀಪವಾದರೆ ಎಣ್ಣೆ ಹಾಕಿ ಮತ್ತೆ ಹಚ್ಚಬಹುದು. ಇದಕ್ಕೆ ಹೊಸ ಪಿಸ್ಟನ್ನೇ ಆಗಬೇಕು.

ನಮ್ಮ ಮನೆಯಲ್ಲಿ ಮಗಳು ಓಡಿಸುತ್ತಾಳೆ, ನಾನು ಬಿಚ್ಚುತ್ತೇನೆ. ಅವಳಿಗೆ ಲೈಸೆನ್ಸಿದೆ, ತರಬೇತಿಯಿದೆ. ನನ್ನ ಅರ್ಹತೆ ಏನೆಂದರೆ ನಾನು ಅವಳ ಅಪ್ಪ. ಕಾರ್ಟಿಂಗ್ ಪ್ಯಾಡಕ್ಕಿನಲ್ಲಿ, ಅಂದರೆ ರೇಸ್ ಟ್ರ್ಯಾಕಿನ ಪಕ್ಕ ಗಾಡಿ ಸಜ್ಜು ಮಾಡುವ ಜಾಗದಲ್ಲಿ, ಸ್ಪ್ಯಾನರ್ ಹಿಡಿದು ಓಡಾಡುವ ಬಹಳಷ್ಟು ಮಂದಿ ಹೀಗೇ ನೇಮಕವಾದವರು. ನನ್ನ ಕೈಕೆಳಗೆ ಒಬ್ಬ ಸಹಾಯಕನೂ ಇದ್ದಾನೆ, ನನ್ನ ಭಾವಮೈದ. ನಮ್ಮಿಬ್ಬರ ಮೇಲೆ ಒಬ್ಬ ಹಿರಿಯ ಮೆಕ್ಯಾನಿಕ್. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಆದರೂ ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಾರೆ.

ಅಂಗೈಯಗಲದ ಎಂಜಿನ್, ಇದೇನು ಮಹಾ ಅಂದುಕೊಳ್ಳುವುದಕ್ಕೆ ಇತಿಹಾಸದ ಬೆಂಬಲವೂ ಇತ್ತು. 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಮೊದಲ ಕಾರ್ಟ್ ಕಟ್ಟಿದಾಗ ಅದಕ್ಕೆ ಕೂರಿಸಿದ್ದು ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್. ಆಮೇಲೆ ಮರ ಕೊಯ್ಯುವ ಎಂಜಿನ್ ಗರಗಸ (ಚೈನ್ ಸಾ) ತಯಾರಿಸುತ್ತಿದ್ದ ಮೆಕಲಕ್ ಕಂಪನಿ ಕಾರ್ಟಿಗೆಂದೇ ಎಂಜಿನ್ ಮಾಡಿತು. ಹುಲ್ಲು ಕೊಯ್ದು ಮರ ಕಡಿದು ಬಂದ ವಂಶ. ಇವತ್ತಿಗೂ ನಮ್ಮ 100 ಸಿಸಿ ಎಂಜಿನ್ನಿನಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಗರಗಸದ ಜಾತಿಯದೇ. ಗರಗಸವನ್ನು ಅಡ್ಡ ಹಿಡಿದರೂ ತಲೆಕೆಳಗೆ ಹಿಡಿದರೂ ಓಡಬೇಕಲ್ಲ, ಅದಕ್ಕೆ ಒಳಗೆ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್, ಅಂದರೆ ತೇಲುವ ಬೆಂಡು, ಇಲ್ಲ. ಡಯಾಫ್ರಾಮ್ ಎಂಬ ತೆಳ್ಳನೆಯ ಪೊರೆಯೊಂದು ಎಂಜಿನ್ನಿನ ಕೆಳಗೂಡಾದ ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತಕ್ಕೆ ಮೇಲೆ ಕೆಳಗೆ ಆಡುತ್ತಾ ಪೆಟ್ರೋಲ್ ಎಳೆದುಕೊಳ್ಳುತ್ತದೆ. ಹೊರಗಡೆ ಎರಡೇ ಎರಡು ಸ್ಕ್ರೂ. ‘ಎಲ್’ ಎಂಬುದು ಕಡಿಮೆ ವೇಗಕ್ಕೆ, ‘ಎಚ್’ ಎಂಬುದು ಹೆಚ್ಚಿನ ವೇಗಕ್ಕೆ. ಬಲಕ್ಕೆ ತಿರುಗಿಸಿದರೆ ಲೀನ್, ಎಡಕ್ಕೆ ತಿರುಗಿಸಿದರೆ ರಿಚ್, ಅಂದರೆ ಪೆಟ್ರೋಲ್ ಹೆಚ್ಚು. ಇಷ್ಟೇ ವಿದ್ಯೆ. ಇದರಲ್ಲಿ ಪಿಎಚ್‌ಡಿ ಮಾಡುವಷ್ಟು ಜಗಳ ಹೇಗೆ ಹುಟ್ಟುತ್ತದೆ ಎನ್ನುವುದನ್ನು ಪ್ಯಾಡಕ್ಕಿಗೆ ಬಂದೇ ನೋಡಬೇಕು.

ಸ್ಕ್ರೂ ಎಷ್ಟು ತಿರುಗಿಸಬೇಕೆಂದು ಇಲ್ಲಿ ಗಡಿಯಾರದ ಲೆಕ್ಕದಲ್ಲಿ ಹೇಳುತ್ತಾರೆ. ಪೂರ್ತಿ ಒಂದು ಸುತ್ತು ಅಂದರೆ ಒಂದು ಗಂಟೆ. ಕಾಲು ಸುತ್ತು ಹದಿನೈದು ನಿಮಿಷ. ‘ಎಚ್ ಐದು ನಿಮಿಷ ಬಿಡ್ರಿ’ ಎಂದು ಮೇಷ್ಟ್ರು ದೂರದಿಂದಲೇ ಕೂಗಿದರು. ಭಾವಮೈದ ಎಚ್ ಸ್ಕ್ರೂ ಮೇಲಿಂದ ಕೈ ತೆಗೆದು, ವಾಚ್ ನೋಡುತ್ತಾ ಭಕ್ತಿಯಿಂದ ನಿಂತ. ರೇಸಿಗೆ ಸಾಲುಗಟ್ಟಲು ಸೀಟಿ ಊದಿದರೂ ಅಲುಗಾಡಲಿಲ್ಲ. ‘ಇನ್ನೂ ಎರಡು ನಿಮಿಷ ಇದೆ ಭಾವ’ ಎಂದ.

ಇನ್ನು ಸ್ಪಾರ್ಕ್ ಪ್ಲಗ್. ಪ್ಲಗ್ ಬಿಚ್ಚಿ ಕೈಯಲ್ಲಿ ಹಿಡಿದರೆ ಸಾಕು, ಎಲ್ಲಿದ್ದರೋ ಏನೋ, ಜನ ಸೇರುತ್ತಾರೆ. ತುದಿಯ ಬಿಳಿ ಪಿಂಗಾಣಿ ತಿಳಿಗಂದು ಬಣ್ಣಕ್ಕೆ ತಿರುಗಿದ್ದರೆ ಮಿಶ್ರಣ ಸರಿ, ಬೆಳ್ಳಗಿದ್ದರೆ ಲೀನ್, ಮಸಿ ಹಿಡಿದು ಒದ್ದೆಯಾಗಿದ್ದರೆ ರಿಚ್. ಪುಸ್ತಕದಲ್ಲಿ ಹೀಗಿದೆ. ಪ್ಯಾಡಕ್ಕಿನಲ್ಲಿ ಒಬ್ಬರು ಕನ್ನಡಕ ಹಣೆಗೇರಿಸಿ ನೋಡಿ ‘ಸ್ವಲ್ಪ ರಿಚ್’ ಅನ್ನುತ್ತಾರೆ. ಇನ್ನೊಬ್ಬರು ಕನ್ನಡಕ ಕೆಳಗಿಳಿಸಿ ನೋಡಿ ‘ಭಯಂಕರ ಲೀನ್’ ಅನ್ನುತ್ತಾರೆ. ಮೂರನೆಯವರು ಪ್ಲಗ್ಗನ್ನು ಬಿಸಿಲಿಗೆ ಹಿಡಿದು, ತಿರುಗಿಸಿ, ನಿಟ್ಟುಸಿರು ಬಿಟ್ಟು, ಏನೂ ಹೇಳದೆ ವಾಪಸ್ ಕೊಡುತ್ತಾರೆ. ನನಗೆ ಹೆಚ್ಚು ಭಯವಾಗುವುದು ಅವರನ್ನು ಕಂಡರೆ.

ಒಮ್ಮೆ ಇಂಥದೊಂದು ಸಭೆ ತಾರಕಕ್ಕೇರಿದಾಗ ಮೇಷ್ಟ್ರು ಬಂದು ಮಗಳನ್ನು ಕೇಳಿದರು: ‘ಪಿಟ್ಟಿಗೆ ಹೇಗೆ ಬಂದೆಮ್ಮಾ?’

‘ನಿಧಾನಕ್ಕೇ ಬಂದೆ ಅಂಕಲ್, ಕೈ ತೋರಿಸಿಕೊಂಡು.’

‘ಹಾಗಾದ್ರೆ ಇವ್ರೆಲ್ಲ ಓದ್ತಿರೋದು ನೀನು ನಿಧಾನಕ್ಕೆ ಬಂದ ಕಥೇನ.’

ಪ್ಲಗ್ ಓದಬೇಕಾದರೆ ನೇರ ದಾರಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ, ಆ ವೇಗದಲ್ಲಿರುವಾಗಲೇ ಸ್ವಿಚ್ ಆಫ್ ಮಾಡಿ, ಎಂಜಿನ್ ಆರಿಸಿಕೊಂಡೇ ಉರುಳುತ್ತಾ ಬರಬೇಕಂತೆ. ಆಗ ರೇಸಿನ ಹೊತ್ತಿನ ಬಣ್ಣ ಹಾಗೇ ಉಳಿದಿರುತ್ತದೆ. ನಿಧಾನಕ್ಕೆ ಗೊರಗುಟ್ಟುತ್ತಾ ಬಂದರೆ ಆ ಗೊರಗಾಟವೇ ಮೇಲೆ ಬಳಿದುಕೊಂಡು ಬರುತ್ತದೆ. ಅದರ ಮೇಲೆ ಈಗಿನ ಸೀಸರಹಿತ ಪೆಟ್ರೋಲ್ ಬಣ್ಣವನ್ನೇ ಸರಿಯಾಗಿ ಬಿಡುವುದಿಲ್ಲ. ಇದನ್ನೆಲ್ಲ ಕೇಳಿದ ಮೇಲೂ ಸಭೆ ಚದುರಲಿಲ್ಲ. ಪ್ಲಗ್ ಬಿಟ್ಟು ಟೈರಿನ ಗಾಳಿಯ ವಿಷಯಕ್ಕೆ ಹೋಯಿತು.

ಎಣ್ಣೆಯ ಪ್ರಸಂಗ ಕೇಳಿ. ಟೂ-ಸ್ಟ್ರೋಕಿಗೆ ಬೇರೆ ಆಯಿಲ್ ತೊಟ್ಟಿ ಇಲ್ಲ, ಪೆಟ್ರೋಲಿಗೇ ಬೆರೆಸಬೇಕು. ನಮ್ಮದಕ್ಕೆ ಇಪ್ಪತ್ತಕ್ಕೆ ಒಂದು ಪಾಲು, 5 ಲೀಟರ್ ಪೆಟ್ರೋಲಿಗೆ 250 ಎಂಎಲ್. ಭಾವಮೈದನ ಮನಸ್ಸು ದೊಡ್ಡದು. ‘ಮಗು ಓಡಿಸೋದು, ಒಂಚೂರು ಜಾಸ್ತೀನೇ ಇರಲಿ’ ಎಂದು ಡಬ್ಬಿ ಬಗ್ಗಿಸಿದ. ಎಣ್ಣೆ ಜಾಸ್ತಿಯಾದರೆ ಒಳ್ಳೆಯದೇ ಅಲ್ಲವೇ? ಅಲ್ಲ! ಕಾರ್ಬ್ಯುರೇಟರಿನ ತೂತು ಎಷ್ಟಿದೆಯೋ ಅಷ್ಟೇ. ಅದರಲ್ಲಿ ಎಣ್ಣೆ ಹೆಚ್ಚು ನುಗ್ಗಿದರೆ ಪೆಟ್ರೋಲ್ ಅಷ್ಟು ಕಡಿಮೆ ಹೋಗುತ್ತದೆ. ಗಾಳಿಯ ಲೆಕ್ಕದಲ್ಲಿ ಎಂಜಿನ್ ಲೀನ್ ಆಗುತ್ತದೆ. ಉಪಕಾರ ಮಾಡಲು ಹೋಗಿ ಉಸಿರು ಕಟ್ಟಿಸಿದಂತಾಯಿತು ಎಂದು ನಾನು ವಿವರಿಸಿದೆ. ಅವನು ಕೂಡಲೇ ಪೆಟ್ರೋಲನ್ನೂ ಜಾಸ್ತಿ ಮಾಡೋಣ ಎಂದ. ಅದು ತಪ್ಪೂ ಅಲ್ಲ. ಅಳತೆ ಜಾಡಿಯನ್ನು ಅಂದಿನಿಂದ ನಾನೇ ಇಟ್ಟುಕೊಂಡಿದ್ದೇನೆ.

ಇಷ್ಟರಲ್ಲಿ ಆ ದಿನ ಬಂತು. ಹಿಂದಿನ ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಸ್ಕ್ರೂಗಳನ್ನು ಕೂದಲೆಳೆಯಷ್ಟು ಹೊಂದಿಸಿ, ಇದಕ್ಕಿಂತ ಚೆನ್ನಾಗಿ ಆಗುವುದಿಲ್ಲ ಎಂದು ಮುಟ್ಟದೆ ಬಿಟ್ಟಿದ್ದೆವು. ಬೆಳಗ್ಗೆ ಗಾಳಿ ತಣ್ಣಗಿತ್ತು. ತಣ್ಣನೆಯ ಗಾಳಿ ದಟ್ಟ, ಒಂದೊಂದು ಗುಟುಕಿಗೂ ಆಮ್ಲಜನಕ ಹೆಚ್ಚು. ಪೆಟ್ರೋಲ್ ಮಾತ್ರ ನಿನ್ನೆಯಷ್ಟೇ. ಮಧ್ಯಾಹ್ನ ಹದವಾಗಿದ್ದದ್ದು ಬೆಳಗ್ಗೆ ಲೀನ್. ಮಗಳು ಮೊದಲ ಸುತ್ತು ಮುಗಿಸಿ ಹೆಬ್ಬೆರಳು ಎತ್ತಿದಳು. ಎಂಜಿನ್ ಗೋಲಿ ಉರುಳಿದಷ್ಟು ನುಣ್ಣಗೆ ಹಾಡುತ್ತಿತ್ತು. ‘ಎಂಥಾ ಸೌಂಡು ಭಾವ!’ ಎಂದ ಭಾವಮೈದ. ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತರು. ಅವರು ಸುಮ್ಮಸುಮ್ಮನೆ ಏಳುವವರಲ್ಲ. ಆಚೆ ತಿರುವಿನಲ್ಲಿ ಸದ್ದು ಕೀರಲಾಗಿ, ಕಿರ್ರೆಂದು, ಕತ್ತರಿಸಿದ ಹಾಗೆ ನಿಂತಿತು. ‘ಹೂಂ’ ಎಂದು ಮೇಷ್ಟ್ರು ಮತ್ತೆ ಕೂತರು.

ಸಿಲಿಂಡರ್ ಎತ್ತಿ ನೋಡಿದರೆ ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರು, ಅದೂ ಎಕ್ಸಾಸ್ಟ್ ಕಡೆಗೇ. ಬಿಸಿ ಹೊಗೆ ಹೋಗುವುದು ಆ ಕಡೆಯಿಂದಲೇ ಆದ್ದರಿಂದ ಅದೇ ಮೊದಲು ಹಿಗ್ಗುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಹಿಗ್ಗುವ ವೇಗಕ್ಕೆ ಸುತ್ತಲಿನ ಕಬ್ಬಿಣದ ಗೋಡೆ ಹಿಗ್ಗುವುದಿಲ್ಲ. ಎರಡಕ್ಕೂ ನಡುವೆ ಇದ್ದದ್ದೇ ಕೂದಲೆಳೆಯ ಸಂದು.

ಹೊಸ ಪಿಸ್ಟನ್ ಹಾಕುವ ಕೆಲಸದಲ್ಲಿ ಕಷ್ಟದ್ದು ಪಿಸ್ಟನ್ ಅಲ್ಲ. ತಲೆಯ ಮೇಲಿನ ಬಾಣದ ಗುರುತು ಎಕ್ಸಾಸ್ಟ್ ಕಡೆಗಿರಬೇಕು, ರಿಂಗಿನ ಬಾಯಿ ತೋಡಿನೊಳಗಿನ ಪುಟ್ಟ ಪಿನ್ನಿಗೆ ಸರಿಯಾಗಿ ಕೂರಬೇಕು, ಇದನ್ನೆಲ್ಲ ತಾಳ್ಮೆಯಿದ್ದರೆ ಮಾಡಬಹುದು. ತಾಳ್ಮೆಯನ್ನೇ ತಿನ್ನುವುದು ಸರ್ಕ್ಲಿಪ್. ಪಿಸ್ಟನ್ ಪಿನ್ ಹೊರಗೆ ಜಾರದಂತೆ ಎರಡೂ ತುದಿಗೆ ಹಾಕುವ ಸ್ಪ್ರಿಂಗ್ ತಂತಿಯ ಬಳೆ ಅದು, ಕಿರುಬೆರಳಿನ ಉಗುರಿಗಿಂತ ತುಸು ದೊಡ್ಡದು. ಹಳೆಯದನ್ನು ಮತ್ತೆ ಹಾಕುವ ಹಾಗಿಲ್ಲ, ಹೊಸದೇ ಆಗಬೇಕು. ಒತ್ತಿ ಹಿಡಿದು ತೋಡಿಗೆ ಕೂರಿಸುವಾಗ ಅದು ಚಿಮ್ಮುತ್ತದೆ. ಚಿಮ್ಮಬಹುದು ಎಂದಲ್ಲ, ಚಿಮ್ಮುತ್ತದೆ. ಕ್ರ್ಯಾಂಕ್‌ಕೇಸಿನ ಬಾಯಿಗೆ ಮೊದಲೇ ಬಟ್ಟೆ ತುರುಕಿಡದಿದ್ದರೆ ನೇರ ಒಳಗೆ ಬೀಳುತ್ತದೆ, ಆಮೇಲೆ ಇಡೀ ಎಂಜಿನ್ ಎರಡು ಹೋಳು ಮಾಡಿಯೇ ತೆಗೆಯಬೇಕು.

ಬಟ್ಟೆ ತುರುಕಿದ್ದೆವು. ಆದ್ದರಿಂದ ಅದು ಒಳಗೆ ಬೀಳುವ ಬದಲು ಟಿಂಗ್ ಎಂದು ಸದ್ದು ಮಾಡಿ ಮಾಯವಾಯಿತು. ಸದ್ದು ಬಂದ ದಿಕ್ಕಿನ ಬಗ್ಗೆ ಮೂವರದು ಮೂರು ಸಾಕ್ಷಿ. ಮಗಳು ಮೊಬೈಲ್ ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿದಳು. ಭಾವಮೈದ ಅಯಸ್ಕಾಂತ ತಂದು ನೆಲವನ್ನೆಲ್ಲ ಉಜ್ಜಿ, ಹಿಂದೆಂದೋ ಕಳೆದಿದ್ದ ಎರಡು ನಟ್ಟು, ಒಂದು ವಾಷರ್, ಮುರಿದ ಎಕ್ಸಾಸ್ಟ್ ಸ್ಪ್ರಿಂಗ್ ಸಂಪಾದಿಸಿದ. ಸರ್ಕ್ಲಿಪ್ ಇಲ್ಲ. ಕೊನೆಗೆ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, ‘ರೀ, ನಿಮ್ಮ ಕನ್ನಡಕದ ಕಡ್ಡಿಗೆ ಏನೋ ನೇತಾಡ್ತಿದೆ’ ಎಂದಳು.

ಕೂರಿಸಿ, ಹದ ಮಾಡಿ, ಓಡಿಸಲು ಬಿಟ್ಟೆವು. ಮೇಷ್ಟ್ರು ಈ ಸಲ ಹಳೆಯ ಉಪಾಯವೊಂದನ್ನು ಹೇಳಿಕೊಟ್ಟರು. ನೇರ ದಾರಿಯ ಕೊನೆಯಲ್ಲಿ ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಬಹುತೇಕ ನಿಲ್ಲುತ್ತದೆ, ಅದರ ಜೊತೆ ಎಣ್ಣೆಯೂ. ಎಂಜಿನ್ ಮಾತ್ರ ಆಗಲೂ ನಿಮಿಷಕ್ಕೆ 10,000ಕ್ಕೂ ಮೇಲೆ ಸುತ್ತುತ್ತಿರುತ್ತದೆ. ಅದಕ್ಕೆ ಹಳೆಯ ಓಟಗಾರರು ಬಿಡುವ ಮುಂಚೆ ಅಂಗೈಯಿಂದ ಗಾಳಿ ಒಳಹೋಗುವ ಬಾಯಿಯನ್ನು ಕ್ಷಣ ಮುಚ್ಚುತ್ತಿದ್ದರು. ಗಾಳಿ ಸಿಗದ ಎಂಜಿನ್ ಪೆಟ್ರೋಲನ್ನೇ ಗಟಗಟ ಎಳೆದುಕೊಂಡು ಒಳಗೆಲ್ಲ ಒದ್ದೆಯಾಗಿ ತಣ್ಣಗಾಗುತ್ತಿತ್ತು. ನಾನು ಉತ್ಸಾಹದಿಂದ ಮಗಳಿಗೆ ವರ್ಣಿಸಿದೆ.

‘ಅಪ್ಪಾ, ಒಂದು ಕೈ ಹಿಂದಕ್ಕೆ ಚಾಚಿ, ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿದು ತಿರುವಿಗೆ ನುಗ್ಗೋದು ನಾನು. ನೀನಲ್ಲ’ ಎಂದಳು. ಸ್ಕ್ರೂವನ್ನೇ ಸ್ವಲ್ಪ ರಿಚ್ ಮಾಡಿಟ್ಟೆ.

ಚೈನು, ಸ್ಪ್ರಾಕೆಟ್ಟಿನ ಕಥೆ ಬೇರೆಯೇ ಇದೆ. ಮುಂದಿನ ಹಲ್ಲುಚಕ್ರದಲ್ಲಿ ಒಂದು ಹಲ್ಲು ಬದಲಿಸಿದರೆ ಹಿಂದಿನದರಲ್ಲಿ ಏಳೆಂಟು ಹಲ್ಲು ಬದಲಿಸಿದ್ದಕ್ಕೆ ಸಮ ಎಂಬುದಷ್ಟು ಗೊತ್ತಿದ್ದರೆ ಪ್ಯಾಡಕ್ಕಿನಲ್ಲಿ ತಲೆಯಾಡಿಸಿಕೊಂಡು ಬದುಕಬಹುದು.

ಈಚೆಗೆ ಮನೆಯಲ್ಲಿ ಹೊಸ ಪ್ರಸ್ತಾಪ ಬಂದಿದೆ. ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್ ಕಂಪನಿಯ ಎಲ್‌ಒ206 ಎಂಬ ಫೋರ್-ಸ್ಟ್ರೋಕ್ ಕಾರ್ಟ್ ಎಂಜಿನ್ ಫ್ಯಾಕ್ಟರಿಯಲ್ಲೇ ಸೀಲ್ ಆಗಿ ಬರುತ್ತದೆ. ಸೀಲ್ ಒಡೆದರೆ ರೇಸಿಗೆ ಸೇರಿಸುವುದಿಲ್ಲ. ಹೆಂಡತಿ ಮೊಬೈಲಿನಲ್ಲಿ ಇದನ್ನು ಓದಿ ಒಂದೊಂದೇ ಗುಣ ಎಣಿಸಿದಳು.

‘ನೋಡಿ, ಬಿಚ್ಚೋ ಹಾಗೇ ಇಲ್ಲವಂತೆ. ಪೆಟ್ರೋಲಿಗೆ ಎಣ್ಣೆ ಬೆರೆಸೋದೂ ಇಲ್ಲ. ಸುಮ್ನೆ ಆಗಾಗ ಆಯಿಲ್ ಬದಲಾಯಿಸಿ, ಅದೇನೋ ವಾಲ್ವ್ ಕ್ಲಿಯರೆನ್ಸ್ ಅಂತೆ, ಅದೊಂದು ನೋಡ್ಕೊಂಡ್ರೆ ಆಯ್ತಂತೆ.’

ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಹತ್ತಿರ ಸರಿದೆ. ‘ವಾಲ್ವ್ ಕ್ಲಿಯರೆನ್ಸಾ? ಎಷ್ಟು ಇಡಬೇಕಂತೆ?’

ಮಗಳು ಅಮ್ಮನ ಕೈಯಿಂದ ಮೊಬೈಲ್ ಕಿತ್ತುಕೊಂಡಳು.